ಸುಟ್ಟ ಬದನೆಕಾಯಿಗೆ ಎಷ್ಟು ಏಟು

ನಮ್ಮ ಊರಿನಲ್ಲಿ ಊಟಕ್ಕೆ ಕೂತವರು ತಟ್ಟೆ ನೋಡುವುದಿಲ್ಲ, ತಮ್ಮ ಎಡಗೈ ನೋಡಿಕೊಳ್ಳುತ್ತಾರೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಒಳಮೈಯಲ್ಲಿ ಒಂದು ಹಸಿರು ಗೆರೆ ಇರುತ್ತದೆ. ಬೆಳಿಗ್ಗೆ ಎದ್ದಾಗ ಅದರಲ್ಲಿ ನೂರು ಏಟು ತುಂಬಿರುತ್ತದೆ. ಗುದ್ದಲಿ ಒಂದು ಸಲ ಹಾಕಿದರೆ ಒಂದು ಏಟು ಇಳಿಯಿತು. ಒಂದು ಗಿಡಕ್ಕೆ ನೀರು ಹಾಕಿದರೆ ಒಂದು, ಒಂದು ಕಳೆ ಕಿತ್ತರೆ ಒಂದು. ನೂರೂ ಮುಗಿದವೋ, ಕೈ ಜೋತುಬೀಳುತ್ತದೆ. ಎಂಥ ಪೈಲ್ವಾನನಾದರೂ ಆಮೇಲೆ ಹೊಲದಲ್ಲಿ ಒಂದು ಕಡ್ಡಿ ಎತ್ತಲಾರ. ಗೆರೆ ಮತ್ತೆ ಏರಬೇಕಾದರೆ ಒಂದೋ ರಾತ್ರಿ ಮಲಗಿ ಏಳಬೇಕು, ಇಲ್ಲವೇ ಮಧ್ಯಾಹ್ನ ನನ್ನ ಖಾನಾವಳಿಗೆ ಬರಬೇಕು.

ನನ್ನ ಹೆಸರು ಚಂಪವ್ವ. ನಾನು ಈ ಊರಿಗೆ ಸೊಸೆಯಾಗಿ ಬಂದವಳು. ನನ್ನ ತೋಳಿಗೆ ಗೆರೆ ಮೂಡಿದ್ದೇ ಮದುವೆಯಾದ ಮೇಲೆ, ನನ್ನ ತವರಿನಲ್ಲಿ ಗೆರೆಯೂ ಇಲ್ಲ, ಏಟೂ ಇಲ್ಲ. ಅಲ್ಲಿ ಮಂದಿ ಸುಮ್ಮನೆ ಉಣ್ಣುತ್ತಾರೆ, ಸಾರು ನೀರಾದರೆ ಬೈಯುತ್ತಾರೆ. ಬೈಯಿಸಿಕೊಳ್ಳುವುದೂ ಒಂದು ಮರ್ಯಾದೆ ಎಂದು ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಖಾನಾವಳಿ ತೆರೆದು ಹದಿನಾರು ವರ್ಷವಾಯಿತು. ದಿನಕ್ಕೆ ನಲವತ್ತೆರಡು ತಟ್ಟೆ ಏಳುತ್ತಿದ್ದವು. ಹದಿನಾರು ವರ್ಷದಲ್ಲಿ ಒಬ್ಬರ ಬಾಯಿಂದಲೂ ಚೆನ್ನಾಗಿದೆ ಎಂದಾಗಲಿ ಚೆನ್ನಾಗಿಲ್ಲ ಎಂದಾಗಲಿ ಒಂದು ಮಾತು ಬರಲಿಲ್ಲ. ಜೋಳದ ರೊಟ್ಟಿಗೆ ಇಪ್ಪತ್ತು ಏಟು, ಎಣಗಾಯಿಗೆ ಹನ್ನೆರಡು, ಗಟ್ಟಿ ಮೊಸರಿಗೆ ಎಂಟು, ಶೇಂಗಾ ಚಟ್ನಿಗೆ ಐದು. ಬಂದವರು ತಿನಿಸಿನ ಹೆಸರನ್ನೂ ಹೇಳುತ್ತಿರಲಿಲ್ಲ. "ಅಕ್ಕಾರ, ಎರಡು ಇಪ್ಪತ್ತು, ಒಂದು ಹನ್ನೆರಡು, ಮ್ಯಾಲ ಒಂದು ಐದು ಹಾಕ್ರಿ" ಎನ್ನುತ್ತಿದ್ದರು. ಒಮ್ಮೆ ಸಿಟ್ಟಿಗೆ ಚಟ್ನಿಗೆ ಬೇಕೆಂದೇ ಎರಡು ಪಟ್ಟು ಉಪ್ಪು ಸುರಿದೆ. ನಲವತ್ತೆರಡು ಮಂದಿ ಉಂಡರು, ಒಬ್ಬರೂ ಮುಖ ಕಿವುಚಲಿಲ್ಲ. ಕುಂಬಳ ಬೆಳೆಯುವ ಹುಸೇನಬಿ ಮಾತ್ರ ತೋಳು ತಿರುಗಿಸಿ ನೋಡಿಕೊಂಡು, "ಇವತ್ತ ಚಟ್ನಿ ಐದು ಐತೋ, ನಾಕು ಐತೋ ಅಕ್ಕಾ?" ಎಂದು ಕೇಳಿದಳು.

ಇವರ ಹೊಲದ ಹುಚ್ಚು ಎಂಥದ್ದು ಎಂದು ಹೇಳದಿದ್ದರೆ ನನ್ನ ಸಂಕಟ ತಿಳಿಯುವುದಿಲ್ಲ. ಇಲ್ಲಿ ಮೂಲಂಗಿಗೆ ನಾಲ್ಕು ದಿನ, ಬದನೆಗೆ ಏಳು, ಕುಂಬಳಕ್ಕೆ ಹದಿಮೂರು. ಸೋಮವಾರ ಬಿತ್ತಿದ ಮೂಲಂಗಿ ಶುಕ್ರವಾರವೇ ಬರುತ್ತದೆ, ಗುರುವಾರ ಸಂಜೆ ಅಲ್ಲ, ಶನಿವಾರ ಅಲ್ಲ. ಒಂದು ದಿನ ನೀರು ತಪ್ಪಿತೋ, ಬೆಳೆ ಒಂದು ದಿನ ಹಿಂದೆ ಬಿತ್ತು. ಗಿಡದ ಬುಡಕ್ಕೆ ನೀರು ಬಿದ್ದೊಡನೆ ನೆಲ ಸಣ್ಣಗೆ 'ಟಿಣ್' ಎನ್ನುತ್ತದೆ. ಕಳೆ ಕಿತ್ತರೆ ಟಿಣ್, ಕಲ್ಲು ಒಡೆದರೆ ಟಿಣ್. ಇಷ್ಟು ಟಿಣ್ ಆದರೆ ಒಂದು ಮೆಟ್ಟಿಲು ಏರಿದಂತೆ. ಆಗ ಊರಿಗೆಲ್ಲ ಕೇಳುವಂತೆ ಢಣ್ ಎಂದು ಒಂದು ಸದ್ದಾಗುತ್ತದೆ, ಮಂದಿ ಕೆಲಸ ನಿಲ್ಲಿಸಿ ಯಾರು ಏರಿದರು ಎಂದು ನೋಡುತ್ತಾರೆ. ನಮ್ಮ ಯಜಮಾನರು ನಿಂಗರಾಜ ಇಪ್ಪತ್ಮೂರನೇ ಮೆಟ್ಟಿಲಿನವರು. ಅದಕ್ಕಾಗಿ ಅವರಿಗೆ ಒಂದೇ ಏಟಿಗೆ ಮೂರು ಗಿಡಕ್ಕೆ ನೀರು ಹಾಕುವ ಅಗಲಬಾಯಿಯ ಡಬ್ಬಿ ಸಿಕ್ಕಿದೆ. ಆ ಡಬ್ಬಿಯನ್ನು ಒರೆಸಿದಷ್ಟು ಅಕ್ಕರೆಯಿಂದ ಅವರು ನಮ್ಮ ಮದುವೆಯ ಫೋಟೋ ಒರೆಸಿದ್ದನ್ನು ನಾನು ಕಂಡಿಲ್ಲ. ಅಡುಗೆಗೆ ಮಾತ್ರ ಟಿಣ್ ಇಲ್ಲ. ಐವತ್ತು ರೊಟ್ಟಿ ಬಡಿದರೂ ಒಲೆ ತೆಪ್ಪಗಿರುತ್ತದೆ, ಗೆರೆಯೂ ಇಳಿಯುವುದಿಲ್ಲ. ಹೊಲದ ಲೆಕ್ಕದಲ್ಲಿ ನಾನು ಹದಿನಾರು ವರ್ಷದಿಂದ ಕೈಕಟ್ಟಿ ಕೂತವಳು.

ಆದರೂ ಮಧ್ಯಾಹ್ನದ ಆ ಗದ್ದಲ ನನಗೆ ಇಷ್ಟವೇ ಇತ್ತು. ಎಲ್ಲರ ಬಳಿಯೂ ಕೆಲಸಕ್ಕಿಂತ ಏಟು ಕಡಿಮೆ. ಉಂಡು ಏರಿದ ಏಟನ್ನು ಎಲ್ಲಿ ಹಾಕುವುದು, ಯಾವುದನ್ನು ನಾಳೆಗೆ ಬಿಡುವುದು ಎಂಬುದೇ ಊರಿನ ದೊಡ್ಡ ಮಾತು. ಅಂದಾನಪ್ಪ ಮಾಸ್ತರರು ಮೂಲೆಯ ಬೆಂಚಿನಲ್ಲಿ ಕೂತಿರುತ್ತಿದ್ದರು. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು, ಒಬ್ಬಂಟಿ, ಊರಿಗೆಲ್ಲ ಮೇಲಿನ ನಲವತ್ತೇಳನೇ ಮೆಟ್ಟಿಲಿನವರು. ಎರಡು ರೊಟ್ಟಿ, ಒಂದು ಎಣಗಾಯಿ, ಅರ್ಧ ಮೊಸರು, ಐವತ್ತಾರು ಏಟು. ಅದಕ್ಕಿಂತ ಒಂದು ತುತ್ತು ಹೆಚ್ಚಿಲ್ಲ, ಕಡಿಮೆಯಿಲ್ಲ. ಹೊಟ್ಟೆ ಸಣ್ಣದು, ಅದಕ್ಕೇ ಲೆಕ್ಕ ಬಿಗಿ. "ಬದ್ನಿಕಾಯಿಗೆ ನೀರ ಹಾಕಿದ್ರ ಮೂಲ್ಯಾನ ಕಲ್ಲು ಉಳಿತಾವ, ಕಲ್ಲು ಒಡದ್ರ ಬದ್ನಿ ಒಂದ ದಿನ ಹಿಂದ ಬೀಳ್ತೈತಿ" ಎಂದು ಅವರು ಶುರು ಮಾಡಿದರೆ, ಹುಸೇನಬಿ ಆಚೆ ಬೆಂಚಿನಿಂದ, "ಕಲ್ಲು ಎಲ್ಲಿಗ್ ಓಡಿ ಹೊಕ್ಕಾವ್ರಿ ಮಾಸ್ತರ, ಕಾಲ ಅದಾವೇನು?" ಎನ್ನುತ್ತಿದ್ದಳು. ಅಷ್ಟಕ್ಕೇ ಒಂದು ತಾಸು ವಾದ ನಡೆಯುತ್ತಿತ್ತು. ಬಿಟ್ಟ ಕೆಲಸವನ್ನು ನೆನೆದು ನೆನೆದು ಮರುದಿನ ನಸುಕಿಗೇ ಏಳುತ್ತಿದ್ದರು. ನಾನು ಬಡಿಸುತ್ತ ಒಳಗೊಳಗೇ ನಗುತ್ತಿದ್ದೆ.

ಹೀಗಿದ್ದಾಗ ದ್ಯಾಮಣ್ಣ ಉಂಡೆ ಕಟ್ಟಿದ. ದ್ಯಾಮಣ್ಣ ಹಿಂದೆ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು, ಯಾವುದನ್ನಾದರೂ ಯಾವುದರ ಜೊತೆಗಾದರೂ ಅರೆದು ನೋಡದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ಹುರುಳಿ ಹಿಟ್ಟು, ಹಾಗಲಕಾಯಿ ರಸ, ಮೆಂತ್ಯ, ಸೀದ ಬೆಲ್ಲ ಇಷ್ಟನ್ನು ಕುಟ್ಟಿ ನಿಂಬೆಹಣ್ಣಿನಷ್ಟು ಉಂಡೆ ಮಾಡಿದ. ಒಂದು ಉಂಡೆಗೆ ಇನ್ನೂರು ಏಟು. ಇನ್ನೂರು. ನಾನೂ ಒಂದು ತಿಂದು ನೋಡಿದೆ, ಸುಳ್ಳಾಡುವುದಿಲ್ಲ. ಗೋಣಿಚೀಲ ನೆನೆಸಿಟ್ಟ ನೀರಿನ ರುಚಿ. ಆದರೆ ಈ ಊರಿನಲ್ಲಿ ಅದನ್ನು ಯಾರು ಕೇಳುತ್ತಾರೆ? ಬೆಳಿಗ್ಗೆ ಅವನ ಮನೆಯ ಮುಂದೆ ಸಾಲು ನಿಂತರು. ಮೂಗು ಹಿಡಿದು, ಕಣ್ಣು ಮುಚ್ಚಿ, ಉಂಡೆ ನುಂಗಿ, ತೋಳು ನೋಡಿಕೊಂಡು ಹೊಲಕ್ಕೆ ಓಡಿದರು. ನಲವತ್ತೆರಡು ತಟ್ಟೆ ಒಂದೇ ವಾರದಲ್ಲಿ ಆರಕ್ಕೆ ಇಳಿಯಿತು. ಆ ಆರು ಮಂದಿಯೂ ಹಲ್ಲಿಲ್ಲದವರು, ಉಂಡೆ ಗಟ್ಟಿ ಎಂದು ಬರುತ್ತಿದ್ದರು.

ಮೊದಲು ನಾನೂ ತಪ್ಪು ಮಾಡಿದೆ. ಪೈಪೋಟಿಗೆ ಇಳಿದೆ. ರೊಟ್ಟಿಗೆ ಹುರುಳಿ ಹಿಟ್ಟು ಬೆರೆಸಿದೆ, ಎಣಗಾಯಿಗೆ ಮೆಂತ್ಯ ತುರುಕಿದೆ. ಪ್ರತಿ ಹೊಸ ರೊಟ್ಟಿಯನ್ನೂ ಯಜಮಾನರಿಗೆ ತಿನ್ನಿಸಿ ಎದುರಿಗೆ ಕೂರುತ್ತಿದ್ದೆ. ಅವರು ಅಗಿದು, ತೋಳು ಬೆಳಕಿಗೆ ಹಿಡಿದು, "ಇಪ್ಪತ್ತಾರು" ಎನ್ನುತ್ತಿದ್ದರು. "ಮತ್ತ?" ಎಂದರೆ, "ಮತ್ತೇನು, ಇಪ್ಪತ್ತಾರಂದ್ರ ಇಪ್ಪತ್ತಾರು." ಮೂವತ್ತೊಂದರ ರೊಟ್ಟಿ ಮಾಡಿದ ದಿನ ನಾನೇ ಒಂದು ತುತ್ತು ಮುರಿದು ಬಾಯಿಗಿಟ್ಟೆ. ನನ್ನ ಅವ್ವ ಕಲಿಸಿದ ಕೈ ಇದು ಎಂದು ನಾಚಿಕೆಯಾಯಿತು. ಇಡೀ ಬುಟ್ಟಿಯನ್ನು ಎಮ್ಮೆಗೆ ಹಾಕಿದೆ. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು, ಊರಿನಲ್ಲಿ ರುಚಿ ಗೊತ್ತಿದ್ದದ್ದು ಅದೊಂದಕ್ಕೇ.

ಮರುದಿನ ಯಜಮಾನರ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಮುತ್ತುಗದೆಲೆ ಸಿಕ್ಕಿತು, ಮಡಿಚಿದ್ದು, ಒಳಗೆ ಜಿಗುಟು. ದ್ಯಾಮಣ್ಣ ಉಂಡೆ ಕಟ್ಟಿಕೊಡುವುದು ಮುತ್ತುಗದೆಲೆಯಲ್ಲಿ. ಬೇರೆ ಹೆಂಗಸಿನ ಬಳೆ ಸಿಕ್ಕಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಎಲೆಯನ್ನು ಅವರ ಎದುರಿಗೆ ಹಿಡಿದೆ. "ಒಂದ ತಿಂದೀನಿ ಚಂಪಾ, ಖರೇನ ಒಂದ" ಎಂದರು. "ಎಷ್ಟ ದಿನದಿಂದ?" "ದಿನಕ್ಕ ಒಂದ." ನಾನು ಆಗ ಆಡಿದ ಮಾತು ಇಷ್ಟು: "ಕೇಳ್ರಿ. ಈ ಊರಾಗ ಒಬ್ಬರು, ಒಬ್ಬರರ, ಕೈ ನೋಡ್ಕೊಳ್ದ ನನ್ನ ಅಡಗಿ ಉಣಬೇಕು. ರುಚಿ ಅಂತ ಉಣಬೇಕು. ದವನದ ಹುಣ್ಣಿಮಿ ತನಕ ನೋಡ್ತೀನಿ. ಇಲ್ಲಂದ್ರ ಒಲಿ ಆರಿಸಿ ನಮ್ಮಣ್ಣನ ಊರಿಗೆ ಹೋಗಿ ಅಲ್ಲಿ ಖಾನಾವಳಿ ಹಾಕ್ತೀನಿ. ನೀವು ನಿಮ್ಮ ಡಬ್ಬಿ ಒರಸ್ಕೊಂತ ಇರ್ರಿ." ಹುಣ್ಣಿಮೆಗೆ ಇಪ್ಪತ್ತೆಂಟು ದಿನ ಇತ್ತು. ನಾನು ಆಡಿದ ಮಾತು ತಪ್ಪುವವಳಲ್ಲ ಎಂದು ಅವರಿಗೆ ಗೊತ್ತು. ಅದೇ ದಿನ ಟ್ರಂಕು ಇಳಿಸಿ ಎರಡು ಸೀರೆ ಮಡಿಚಿಟ್ಟೆ.

ಅಂದಿನಿಂದ ಯಜಮಾನರು ನಾಟಕ ಶುರು ಮಾಡಿದರು. ಊಟಕ್ಕೆ ಕೂತರೆ ಎಡಗೈ ತೊಡೆಯ ಕೆಳಗೆ ಇಟ್ಟುಕೊಂಡು, ಸೂರು ನೋಡುತ್ತ, "ಆಹಾ, ಏನ್ ರುಚಿ, ಏನ್ ರುಚಿ" ಎನ್ನುತ್ತಿದ್ದರು. ಅವರು ಅನ್ನುತ್ತಿದ್ದದ್ದು ನೀರು ಕುಡಿಯುವಾಗ. ಒಂದು ದಿನ ಹುಳಿ ಹಿಡಿದ ಮಜ್ಜಿಗೆ ಕೊಟ್ಟೆ, ಅದಕ್ಕೂ ಆಹಾ ಎಂದರು. ಆಮೇಲೆ ತಿಳಿಯಿತು, ಆ ಹಲ್ಲಿಲ್ಲದ ಆರು ಮಂದಿಗೂ ಹೋಗಿ ಕೈಮುಗಿದು, ಉಣ್ಣುವಾಗ ತೋಳು ನೋಡಬೇಡಿರೆಂದು ಬೇಡಿಕೊಂಡಿದ್ದಾರೆ. ಪಾಪ ಆ ಮುದುಕರು ಕಷ್ಟಪಟ್ಟರು. ಕತ್ತು ನನ್ನ ಕಡೆ, ಕಣ್ಣು ಮೆಲ್ಲಗೆ ತೋಳಿನ ಕಡೆ. ಒಬ್ಬರಂತೂ ಕಣ್ಣು ಮುಚ್ಚಿಕೊಂಡು ಉಂಡು ಚಟ್ನಿಯನ್ನು ಅಂಗಿಯ ಮೇಲೆ ಬಡಿಸಿಕೊಂಡರು. ಇಂಥ ಪ್ರೀತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಆದರೆ ನನಗೆ ಬೇಕಾದದ್ದು ಅದಲ್ಲ.

ಅತ್ತ ಹೊಲಗಳಲ್ಲಿ ಬೇರೆಯೇ ನಡೆದಿತ್ತು. ಕೈಯಲ್ಲಿ ಮುನ್ನೂರು ಏಟು ಇಟ್ಟುಕೊಂಡು ಹೋದವರು ಒಂಬತ್ತು ಗಂಟೆಗೆಲ್ಲ ಕೆಲಸ ಮುಗಿಸುತ್ತಿದ್ದರು. ಎಲ್ಲ ಗಿಡಕ್ಕೂ ನೀರಾಯಿತು, ಎಲ್ಲ ಕಲ್ಲೂ ಒಡೆದಾಯಿತು, ಒಂದು ಕಳೆ ಉಳಿಯಲಿಲ್ಲ. ಮೊದಲ ವಾರ ಹಬ್ಬ. ಢಣ್ ಢಣ್ ಎಂದು ದಿನಕ್ಕೆ ಹತ್ತು ಸಲ ಸದ್ದಾಗಿ, ಯಾರು ಏರಿದರೆಂದು ಯಾರೂ ತಲೆ ಎತ್ತದಂತಾಯಿತು. ಎರಡನೇ ವಾರ ಕಟ್ಟೆಯ ಮೇಲೆ ಕೂತು ತುಂಬಿದ ಗೆರೆ ನೋಡಿಕೊಳ್ಳುವುದೇ ಕೆಲಸ. ಏಟು ಇದೆ, ಹಾಕಲು ಜಾಗ ಇಲ್ಲ. ಮೂಲಂಗಿಗೆ ಎಷ್ಟು ನೀರು ಹಾಕಿದರೂ ನಾಲ್ಕು ದಿನ ನಾಲ್ಕೇ ದಿನ. ಹೊತ್ತು ಹೋಗದೆ ನಮ್ಮ ಯಜಮಾನರು ಹಿತ್ತಲಲ್ಲಿ ಒಂದು ಗುಂಡಿ ತೋಡಿ, ಅದನ್ನು ಮುಚ್ಚಿ, ಮತ್ತೆ ತೋಡಿದರು. ಮುಚ್ಚಿದ್ದಕ್ಕೆ ನೆಲ ಟಿಣ್ ಎನ್ನಲಿಲ್ಲ ಎಂದು ಅದರ ಮೇಲೆ ಸಿಟ್ಟಾದರು.

ಆ ದಿನಗಳಲ್ಲೇ ನಾನು ಬದನೆಕಾಯಿ ಸುಟ್ಟದ್ದು. ಬದನೆಯನ್ನು ಕೆಂಡದ ಮೇಲೆ ಸುಟ್ಟರೆ ಅದರ ಏಟು ಪೂರಾ ಹೋಗುತ್ತದೆ, ಸೊನ್ನೆ. ಎಣಗಾಯಿ ಮಾಡಿದರೆ ಹನ್ನೆರಡು ಕೊಡುವ ಕಾಯಿಯನ್ನು, ಏಳು ದಿನ ನೀರು ಕುಡಿದು ಬೆಳೆದ ಕಾಯಿಯನ್ನು ಸುಡುವುದೆಂದರೆ ಈ ಊರಿನಲ್ಲಿ ದೇವರ ಮುಂದಿನ ದೀಪ ಊದಿ ಆರಿಸಿದಂತೆ. ಆದ್ದರಿಂದ ಬಂದಾಗಿನಿಂದ ನಾನೂ ಸುಟ್ಟಿರಲಿಲ್ಲ. ಈಗ ಖಾಲಿ ಖಾನಾವಳಿ, ಯಾರ ಹಂಗು? ಎರಡು ದೊಡ್ಡ ಕಾಯಿಗೆ ಎಣ್ಣೆ ಸವರಿ ಕೆಂಡಕ್ಕೆ ಇಟ್ಟೆ. ಸಿಪ್ಪೆ ಕಪ್ಪಾಗಿ ಬಿರಿದು ಒಳಗಿನ ರಸ ಚುಯ್ ಎಂದಿತು. ಸಿಪ್ಪೆ ಸುಲಿದು, ಸುಟ್ಟ ಹಸಿಮೆಣಸು, ಬೆಳ್ಳುಳ್ಳಿ, ಉಪ್ಪು ಜಜ್ಜಿ ಕಲಸಿ, ಹಸಿ ಉಳ್ಳಾಗಡ್ಡಿ ಕೊಚ್ಚಿ ಹಾಕಿ, ಮೇಲೆ ಒಗ್ಗರಣೆ ಕೊಟ್ಟೆ. ನನ್ನ ಅವ್ವ ಇದನ್ನು ಭರ್ತ ಎನ್ನುತ್ತಿದ್ದಳು. ಒಂದು ತುತ್ತು ಬಾಯಿಗಿಟ್ಟೆ, ಎರಡನೆಯದಕ್ಕೆ ಕೈ ತಾನಾಗಿಯೇ ಹೋಯಿತು. ಹದಿನಾರು ವರ್ಷದಲ್ಲಿ ನಾನೇ ಎಷ್ಟು ದಿನ ಬರೀ ಇಪ್ಪತ್ತು, ಹನ್ನೆರಡು, ಐದು ಎಂದು ಉಂಡಿದ್ದೆನಲ್ಲ ಎಂದು ಕೆಡುಕೆನಿಸಿತು.

ವಾಸನೆ ಓಣಿಗೆ ಹೋಯಿತು. ಕಟ್ಟೆಯ ಮೇಲೆ ಕೂತಿದ್ದವರು ಎದ್ದು ಬಂದರು. "ಬದ್ನಿಕಾಯಿ ಸುಟ್ಟಾಳ" ಎಂದು ಬಾಗಿಲಲ್ಲೇ ಪಿಸುಗುಟ್ಟಿದರು. ಹುಸೇನಬಿ ಮೊದಲು ಒಳಗೆ ಬಂದಳು. ತುಂಬಿದ ಗೆರೆಯ ಮೇಲೆ ಉಣ್ಣುವುದು ಇಲ್ಲಿ ದಂಡ, ಏರಿದ ಏಟನ್ನು ಹಾಕಲು ಜಾಗವಿಲ್ಲ. "ಇದು ಸೊನ್ನಿ ಅಲ್ಲೇನಕ್ಕಾ? ಹಂಗಾರ ತಿಂದ್ರ ನಷ್ಟ ಏನಿಲ್ಲ" ಎಂದು ಕೂತಳು. ಅವಳ ಹಿಂದೆ ಹತ್ತು ಮಂದಿ ಕೂತರು. ಬಡಿಸಿದೆ. ತುತ್ತು ಬಾಯಿಗೆ ಹೋಯಿತು, ಹನ್ನೊಂದು ತೋಳೂ ಬೆಳಕಿಗೆ ತಿರುಗಿದವು. "ಹೌದ್ ಬಿಡ್ರಿ, ಒಂದೂ ಏರಿಲ್ಲ" ಎಂದು ಒಬ್ಬ ಸಂತೋಷದಿಂದ ಹೇಳಿದ. "ಹೊತ್ತ ಹೋಗಾಕ ಚಲೋ ಐತಿ" ಎಂದು ಇನ್ನೊಬ್ಬ. ನಾನು ಒಳಗೆ ಹೋಗಿ ಟ್ರಂಕಿಗೆ ಮೂರನೇ ಸೀರೆ ಇಟ್ಟೆ.

ಇದಾದ ಮೂರನೇ ದಿನ ಕಳೆ ಕಳವಿನ ಜಗಳ ಎದ್ದಿತು. ಅಂದಾನಪ್ಪ ಮಾಸ್ತರರು ತಮ್ಮ ಬದುವಿನಲ್ಲಿ ಗುಟ್ಟಾಗಿ ಮೂವತ್ತು ಕಳೆ ಉಳಿಸಿಕೊಂಡಿದ್ದರಂತೆ, ದಿನಕ್ಕೆ ಹತ್ತರಂತೆ ಕೀಳೋಣವೆಂದು. ಬೆಳಿಗ್ಗೆ ಹೋಗಿ ನೋಡಿದರೆ ಬದು ಬೋಳು. ಅವರ ಪಕ್ಕದ ಹೊಲ ಹುಸೇನಬಿಯದು. ನ್ಯಾಯ ಹೇಳಲು ಊರಿನವರು ಸೇರಿದ್ದು ನನ್ನ ಖಾನಾವಳಿಯಲ್ಲೇ, ಬೆಂಚು ಖಾಲಿ ಇದ್ದವಲ್ಲ. "ಮೂವತ್ತು ಕಳೆ, ಮೂವತ್ತು ಟಿಣ್, ನಂದು" ಎಂದರು ಮಾಸ್ತರರು. ಹುಸೇನಬಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಕಿತ್ತೀನ್ರಿ, ಇಲ್ಲನ್ನಂಗಿಲ್ಲ. ಏನ್ ಮಾಡ್ಲಿ? ಕೈಯಾಗ ಇನ್ನೂರ ಎಂಬತ್ತು ಏಟು ಇಟ್ಕೊಂಡು ನಾನೂ ಹುಚ್ಚಿ ಹಂಗ ಅಡ್ಡಾಡಾಕತ್ತಿದ್ದೆ. ಬೇಕಾರ ನನ್ನ ಹಿತ್ತಲಾಗ ಕಳಿ ಬಿತ್ತಿ ಬೆಳಸಿ ಮೂವತ್ತು ವಾಪಸ ಕೊಡ್ತೀನಿ" ಎಂದಳು. ಕಳೆ ಎಷ್ಟು ದಿನಕ್ಕೆ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಅದನ್ನು ಬಿತ್ತಿದವರಲ್ಲ. ಅದರ ಮೇಲೆ ಅರ್ಧ ತಾಸು ಚರ್ಚೆಯಾಯಿತು.

ಕೊನೆಗೆ ಮಾಸ್ತರರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಕಳಿ ಹೋಗ್ಲಿ. ಮೊನ್ನೆ ಮಂಗಳವಾರ ಮುಂಜಾನೆ ಒಂಬತ್ತಕ್ಕ ನಾ ಐವತ್ತನೇ ಮೆಟ್ಟಿಲ ಏರಿದೆ. ನಿಮಗ್ಯಾರಿಗರ ಗೊತ್ತೈತೇನು?" ಎಂದರು. ಯಾರಿಗೂ ಗೊತ್ತಿರಲಿಲ್ಲ. ಈ ಊರು ಹುಟ್ಟಿದಾಗಿನಿಂದ ಐವತ್ತು ಮುಟ್ಟಿದವರಿಲ್ಲ. "ನನಗೂ ಏನೂ ಅನಿಸಲಿಲ್ಲ. ಮುಖ ತೊಳ್ಕೊಂಡು ಬಂದೆ. ರಾತ್ರಿ ಮಲ್ಕೊಂಡ್ರ ನಾಳೆ ಏನೂ ಉಳಿದಿಲ್ಲ ಅನಸ್ತೈತಿ. ನಾಳಿಗೆ ಏಳಾಕ ಒಂದು ಕೆಲಸ ಬೇಕಲ್ರೀ." ದ್ಯಾಮಣ್ಣ ಮೂಲೆಯಲ್ಲಿ ತಲೆ ತಗ್ಗಿಸಿದ್ದ. ಅವನೇ ಎದ್ದು, "ನಾ ಕಟ್ಟೂದು ಬಿಡ್ತೀನ್ರಿ. ನಾನರ ಏನ್ ಖುಷೀಲೆ ಕಟ್ಟಾಕತ್ತೀನಿ? ಅದರ ವಾಸನಿಗೆ ನಮ್ಮ ಮನಿಯಾಕಿ ಅಡಗಿಮನಿ ಬೀಗ ಹಾಕ್ಕೊಂಡಾಳ" ಎಂದ. ಉಂಡೆ ಅಂದಿಗೆ ನಿಂತಿತು.

ಖಾನಾವಳಿ ಮತ್ತೆ ತುಂಬಿತು. ನಲವತ್ತೆರಡು ತಟ್ಟೆ, ಗದ್ದಲ, ಏನು ಬಿಡುವುದು ಏನು ಹಿಡಿಯುವುದು ಎಂಬ ವಾದ, ಎಲ್ಲ ವಾಪಸು ಬಂತು. "ಒಂದು ಇಪ್ಪತ್ತು, ಒಂದು ಎಂಟು" ಎಂಬುದೂ ವಾಪಸು ಬಂತು. ಗೆರೆ ಖಾಲಿ ಮಾಡಿಕೊಂಡು ಬಂದವರಿಗೆ ಸೊನ್ನೆಯ ತಿನಿಸು ಯಾಕೆ? ಭರ್ತವನ್ನು ಒಬ್ಬರೂ ಕೇಳಲಿಲ್ಲ. ಯಜಮಾನರು ಎಲ್ಲ ಸರಿಹೋಯಿತು ಎಂದುಕೊಂಡು ಟ್ರಂಕು ಅಟ್ಟಕ್ಕೆ ಏರಿಸಲು ಹೋದರು. "ಇಡ್ರಿ ಕೆಳಗ" ಎಂದೆ. "ಮಂದಿ ಬಂದಾರಲ್ಲ ಚಂಪಾ." "ಮಂದಿ ಬಂದಿಲ್ಲ, ಅವರ ತೋಳು ಬಂದಾವ." ಅವರು ಟ್ರಂಕು ಕೆಳಗಿಟ್ಟು ಹೊಸ್ತಿಲ ಮೇಲೆ ಕೂತರು. ಹೀಗೆ ಹುಣ್ಣಿಮೆ ಬಂತು. ಅಣ್ಣನಿಗೆ ಮರುದಿನ ಬೆಳಗಿನ ಬಸ್ಸಿಗೆ ಬರುತ್ತೇನೆ ಎಂದು ಹೇಳಿಕಳಿಸಿಯಾಗಿತ್ತು.

ಹುಣ್ಣಿಮೆಯ ದಿನ ನನಗೆಂದು ಒಂದೇ ಒಂದು ಬದನೆಕಾಯಿ ಸುಟ್ಟು ಭರ್ತ ಮಾಡಿ ಒಲೆಯ ಪಕ್ಕ ಇಟ್ಟುಕೊಂಡಿದ್ದೆ. ಮಧ್ಯಾಹ್ನ ಅಂದಾನಪ್ಪ ಮಾಸ್ತರರು ಎಲ್ಲರಿಗಿಂತ ತಡವಾಗಿ ಬಂದರು. ಅವರ ಇಪ್ಪತ್ತು ಕುಂಬಳದ ಗಿಡಕ್ಕೆ ಅಂದು ಹನ್ನೆರಡನೇ ದಿನ. ಅಂದು ನೀರು ಬಿದ್ದರೆ ನಾಳೆ ಕಾಯಿ. ಆ ಸಲದ ಮೊದಲ ಕುಂಬಳ ಯಾರದು ಎಂದು ಅವರಿಗೂ ಹುಸೇನಬಿಗೂ ಬಿತ್ತಿದ ದಿನದಿಂದ ಪೈಪೋಟಿ ಇತ್ತು, ಅವಳದೂ ನಾಳೆಗೇ ಇತ್ತು. ಮಾಸ್ತರರ ಗೆರೆಯಲ್ಲಿ ಒಂದು ಏಟೂ ಉಳಿದಿರಲಿಲ್ಲ, ಮುಂಜಾನೆಯೇ ಬದನೆ ಪಾತಿಗೆ ಎಲ್ಲ ಸುರಿದು ಬಂದಿದ್ದರು. ದೂರ ದೂರ ಹಬ್ಬುವ ಕುಂಬಳಕ್ಕೆ ಅಗಲಬಾಯಿಯ ಡಬ್ಬಿ ನಡೆಯುವುದಿಲ್ಲ, ಆದರೂ ಒಂದು ರೊಟ್ಟಿ ಉಂಡರೆ ಸಾಕು, ಇಪ್ಪತ್ತು ಏಟು, ಇಪ್ಪತ್ತು ಗಿಡ. ನಾನು ರೊಟ್ಟಿ ತಂದು ತಟ್ಟೆಗೆ ಹಾಕಿದೆ. ಅವರು ಮುಟ್ಟಲಿಲ್ಲ. ಮೂಗು ಎತ್ತಿ ಒಲೆಯ ಕಡೆ ನೋಡಿದರು. "ಚಂಪವ್ವಾ, ಅದ ಸುಟ್ಟದ್ದು ಇವತ್ತ ಮಾಡೀಯೇನು?" "ನನಗ ಮಾಡ್ಕೊಂಡೀನ್ರಿ." "ಒಂದಿಷ್ಟು ಕೊಡ್ತೀಯೇನು?"

ಒಂದು ಸೌಟು ಹಾಕಿದೆ. ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ ಭರ್ತವನ್ನು ಬೆರಳಲ್ಲೇ ತೆಗೆದುಕೊಂಡು ತಿಂದರು. ನಿಧಾನಕ್ಕೆ, ಒಂದೊಂದೇ ಬೆರಳು ನೆಕ್ಕಿ. ಎಡಗೈ ಬೆಂಚಿನ ಮೇಲೆ ಬೋರಲು ಬಿದ್ದಿತ್ತು, ಅದು ತಮ್ಮದೆಂಬ ನೆನಪೇ ಇಲ್ಲದವರ ಹಾಗೆ. ನಾನು ಸರಕ್ಕನೆ ಯಜಮಾನರ ಕಡೆ ನೋಡಿದೆ. ಅವರು ಕಣ್ಣು ಅಗಲಿಸಿ, ಎರಡೂ ಕೈ ಆಡಿಸಿ, "ಇವರಿಗೆ ನಾ ಹೇಳಿಲ್ಲ, ನಿನ್ನಾಣಿ" ಎಂದು ಬರೀ ತುಟಿಯಲ್ಲಿ ಹೇಳಿದರು. ತಟ್ಟೆ ಖಾಲಿಯಾಯಿತು. "ಇನ್ನೊಂದಿಷ್ಟು ಹಾಕವ್ವಾ" ಎಂದರು ಮಾಸ್ತರರು.

ಹುಸೇನಬಿ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದುಕೊಂಡು, "ಮಾಸ್ತರ, ಹೊಟ್ಟ್ಯಾಗ ಜಾಗ ಇದ್ರ ರೊಟ್ಟಿ ತಿನ್ರಿ. ಇಲ್ಲಂದ್ರ ನಿಮ್ಮ ಕುಂಬಳ ನಾಳಿಗೆ ಬರಂಗಿಲ್ಲ" ಎಂದಳು. ಎದುರಾಳಿಯಾದರೂ ಅವಳಿಗೆ ಮನಸ್ಸು ತಡೆಯಲಿಲ್ಲ. "ನಾಡಿದ್ದ ಬರ್ತಾವ" ಎಂದರು ಅವರು. "ಯಾಕ್ರಿ ಮಾಸ್ತರ? ಇದರಾಗ ಏನೈತಿ?" ಎಂದು ನಾನು ಕೇಳಿದೆ. ಮೂವತ್ತು ವರ್ಷ ಮಕ್ಕಳಿಗೆ ಪ್ರತಿ ಪ್ರಶ್ನೆಗೂ ಉತ್ತರ ಹೇಳಿದ ಮನುಷ್ಯ ಬೆರಳನ್ನು ಇನ್ನೊಮ್ಮೆ ನೆಕ್ಕಿ ನೋಡಿದರು. "ಏನೈತೋ ಗೊತ್ತಿಲ್ಲವ್ವ. ಉಪ್ಪು ಒಂದ ಕಣ ಜಾಸ್ತಿ ಆಗೈತಿ ನೋಡು" ಎಂದರು.

ಹದಿನಾರು ವರ್ಷದಲ್ಲಿ ಮೊದಲ ಸಲ ನನ್ನ ಅಡುಗೆಯನ್ನು ಒಬ್ಬರು ಬೈದರು. ನನ್ನ ಪಾಲಿನದೆಲ್ಲ ಅವರ ತಟ್ಟೆಗೆ ಸುರಿದು ಒಳಗೆ ಹೋಗಿ ಅತ್ತೆ. ಹೊಗೆಗೆ ಅಲ್ಲ, ಅತ್ತದ್ದೇ. ಯಜಮಾನರು ಹಿಂದೆಯೇ ಬಂದು ಟ್ರಂಕಿನಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಗೂಟಕ್ಕೆ ಹಾಕಿದರು. ಹೊರಗೆ ಮಾಸ್ತರರು ಉಂಡು, ಬೆಂಚಿನ ಮೇಲೆಯೇ ಒರಗಿ, ನಡುಮಧ್ಯಾಹ್ನ ಗೊರಕೆ ಹೊಡೆಯತೊಡಗಿದ್ದರು.

ಕಣ್ಣೊರೆಸಿಕೊಂಡು ನನ್ನ ತೋಳು ನೋಡಿಕೊಂಡೆ. ಹೊಲಕ್ಕೆ ಹೋಗದವಳ ಗೆರೆ, ಮಣಿಕಟ್ಟಿನವರೆಗೆ ಪೂರಾ ನೂರು ಹಾಗೇ ಇತ್ತು. ನನಗಾಗಿ ಒಬ್ಬ ಮನುಷ್ಯನ ಕುಂಬಳ ಹಿಂದೆ ಬೀಳಬಾರದು ಎನಿಸಿತು. ಯಾರಿಗೂ ಹೇಳದೆ ಬಿಂದಿಗೆ ಎತ್ತಿಕೊಂಡು ಅವರ ಹೊಲಕ್ಕೆ ನಡೆದೆ. ಮೊದಲ ಗಿಡದ ಬುಡಕ್ಕೆ ನೀರು ಹಾಕಿದೆ. ಟಿಣ್ ಎಂದಿತು. ಬೇರೆಯವರಿಗೆ ಅಂದದ್ದನ್ನು ಸಾವಿರ ಸಲ ಕೇಳಿದ್ದೆ, ನನಗೆಂದು ಅದು ಅಂದದ್ದು ಅದೇ ಮೊದಲು. ಒಂದು ಹಾಕಿದರೆ ಇನ್ನೊಂದು ಬೇಕೆನಿಸಿತು, ಇನ್ನೊಂದು ಹಾಕಿದರೆ ಈ ಸಾಲು ಮುಗಿಸಿಬಿಡೋಣ ಎನಿಸಿತು. ಸಂಜೆಯ ಹಿಟ್ಟು ನಾದಬೇಕಿತ್ತು, ಒಲೆಯ ಮೇಲೆ ಬೇಳೆ ಇತ್ತು. ಇಪ್ಪತ್ತೂ ಮುಗಿದವು, ಗೆರೆಯಲ್ಲಿ ಇನ್ನೂ ಎಂಬತ್ತು ಉಳಿದಿತ್ತು. ಬದುವಿನ ಆಚೆ ನೋಡಿದೆ. ಹುಸೇನಬಿ ಇನ್ನೂ ಊಟದಿಂದ ಎದ್ದು ಬಂದಿರಲಿಲ್ಲ, ಅವಳ ಹದಿನೆಂಟು ಗಿಡಗಳ ಬುಡ ಒಣಗಿತ್ತು. ಅತ್ತಿತ್ತ ನೋಡಿ ಬಿಂದಿಗೆ ತುಂಬಿಕೊಂಡು ಬದು ದಾಟಿದೆ.